ಇಪ್ಪತ್ತಾರು ಕೆಜಿ ಮೂಟೆ

ಟಿ. ನರಸೀಪುರದಲ್ಲಿ ನಮ್ಮ ದೊಡ್ಡಪ್ಪನದೊಂದು ಅಕ್ಕಿ ಅಂಗಡಿ ಇದೆ. ಅಲ್ಲಿಗೆ ಹೋದಾಗಲೆಲ್ಲ ಬೇಡ ಬೇಡ ಅಂದ್ರೂ ಕಾರಿನ ಡಿಕ್ಕಿಗೆ ಒಂದು ಮೂಟೆ ಬೀಳುತ್ತೆ. ಬೆಂಗಳೂರಿಗೆ ಬಂದು ಅದನ್ನು ಹೊತ್ತುಕೊಂಡು ಮೂರನೇ ಮಹಡಿ ಹತ್ತುವ ಕಷ್ಟ ನನ್ನದು. ಹೋದ ಸಲ ಏದುಸಿರು ಬಂದು ಎರಡನೇ ಮಹಡಿಯಲ್ಲಿ ಇಳಿಸಿದಾಗ ಚೀಲದ ಮೇಲೆ ಬರೆದದ್ದನ್ನು ಮೊದಲ ಬಾರಿಗೆ ಓದಿದೆ. 26 ಕೆಜಿ. ಇಪ್ಪತ್ತೈದಲ್ಲ, ಇಪ್ಪತ್ತಾರು.

ಫೋನ್ ಮಾಡಿ ಕೇಳಿದೆ.

“ಇಪ್ಪತ್ತೈದರ್ಗಂಟ ಟ್ಯಾಕ್ಸು ಕಣ್ಲಾ. ಇನ್ನೊಂದ್ ಕೆಜಿ ಆಕ್ಬುಟ್ರೆ ಇಲ್ಲ. ಡೆಲ್ಲಿಯೋರ್ಗೆ ಇಪ್ಪತ್ತಾರು ಕಂಡ್ರೆ ಭಯ.”

ಲೆಕ್ಕ ಹಾಕಿ ನೋಡಿ. ಕೆಜಿಗೆ 60 ರೂಪಾಯಿಯ ಅಕ್ಕಿ ಅಂತಿಟ್ಟುಕೊಳ್ಳೋಣ. 25 ಕೆಜಿಗೆ 1,500. ಅದರ ಮೇಲೆ ಶೇ 5 ಜಿಎಸ್‌ಟಿ, ಒಟ್ಟು 1,575. ಅದೇ ಅಕ್ಕಿ 26 ಕೆಜಿ ಚೀಲದಲ್ಲಿದ್ದರೆ ತೆರಿಗೆ ಇಲ್ಲ, 1,560. ಅಂದ್ರೆ ಒಂದು ಕೆಜಿ ಅಕ್ಕಿ ಜಾಸ್ತಿ, ಹದಿನೈದು ರೂಪಾಯಿ ಕಡಿಮೆ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ 25 ಕೆಜಿವರೆಗಿನ ಅಕ್ಕಿಗೆ ತೆರಿಗೆ ಬಂತು. ಅದಾದ ಮೇಲೆ 26 ಕೆಜಿ, 30 ಕೆಜಿ ಚೀಲಗಳು ಹುಟ್ಟಿಕೊಂಡವು. ಈ ಇಪ್ಪತ್ತೈದು ಎಲ್ಲಿಂದ ಬಂತು ಅಂದರೆ, ಅದು ತೆರಿಗೆಯವರು ಯೋಚಿಸಿ ಇಟ್ಟ ಸಂಖ್ಯೆಯೂ ಅಲ್ಲ. ಪ್ಯಾಕೆಟ್ಟಿನ ಮೇಲೆ ತೂಕ, ಬೆಲೆ ಬರೆಯಬೇಕು ಅನ್ನುವ ಕಾನೂನು ಮಾಪನ ನಿಯಮ 25 ಕೆಜಿ ದಾಟಿದ ಚೀಲಕ್ಕೆ ಅನ್ವಯಿಸುವುದಿಲ್ಲ. ಆ ಅಳತೆಪಟ್ಟಿಯನ್ನು ಜಿಎಸ್‌ಟಿಯವರು ಸಾಲ ತಗೊಂಡರು ಅಷ್ಟೇ. ಮಾರುವವನು ದಿನಕ್ಕೆ ಹತ್ತು ಚೀಲ ಮಾರ್ತಾನೋ ಹತ್ತು ಲಾರಿ ಮಾರ್ತಾನೋ, ಆ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಚೀಲದ ಆಕಾರ ಯಾವುದು, ಅಷ್ಟು ಸಾಕು.

ನರಸೀಪುರದವರಿಗೆ ಚೂರು ತೂಕದ ಬೆಲೆ ಗೊತ್ತು ಬಿಡಿ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ; ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಂಬಿಕೆ.

ಅಂದಹಾಗೆ ದೊಡ್ಡಪ್ಪ ‘ಡೆಲ್ಲಿಯೋರು’ ಅಂದಿದ್ದು ಪೂರ್ತಿ ಸರಿಯಲ್ಲ. ಆ ತೆರಿಗೆ ಹಾಕಲು ದಾರಿ ಮಾಡಿದ್ದು ದರ ಪರಿಷ್ಕರಣೆಗೆ ಅಂತ ಮಾಡಿದ್ದ ಸಚಿವರ ಗುಂಪು. ಅದರಲ್ಲಿ ಕೇರಳ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ, ಬಿಹಾರ, ಹೀಗೆ ಹಲವು ರಾಜ್ಯದವರಿದ್ದರು. ಅಧ್ಯಕ್ಷರು ಯಾರು? ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಇದನ್ನು ಹೇಳಿದರೆ ದೊಡ್ಡಪ್ಪ ನಂಬಲಿಲ್ಲ.

ಈಗ ನನ್ನ ಕಥೆಗೆ ಬರ್ತೀನಿ, ಯಾಕಂದ್ರೆ ಚೀಲದ ವಿಷಯದಲ್ಲಿ ನಗುವ ನಾನು ಅದೇ ತಪ್ಪನ್ನು ದುಡ್ಡು ಕೊಟ್ಟು ಮಾಡಿದವನು. ನಮ್ಮ ಚಿಕ್ಕಪ್ಪನ ಮಗ ನಂಜನಗೂಡಿನಲ್ಲಿದ್ದಾನೆ. ಗಾಣದ ಎಣ್ಣೆ ಮಾಡೋಣ ಅಂತ ಇಬ್ಬರೂ ಹೊರಟೆವು. ಅವನದು ಜಾಗ ಮತ್ತು ಮೈಮುರಿಯುವ ಕೆಲಸ. ನನ್ನದು ಸ್ವಲ್ಪ ದುಡ್ಡು ಮತ್ತು ಎಕ್ಸೆಲ್ ಶೀಟು. (ಆಫೀಸಿನ ಎಚ್ಆರ್‌ನವರು ಇದನ್ನು ಓದುತ್ತಿದ್ದರೆ: ಅದು ವೀಕೆಂಡ್ ಹವ್ಯಾಸ.) ‘ಎಲ್‌ಎಲ್‌ಪಿ ಮಾಡ್ಕೊಳ್ಳಿ ಸಾರ್, ಟ್ಯಾಕ್ಸ್ ಉಳಿಯತ್ತೆ, ಮನೆ ಮಠ ಸೇಫ್’ ಅಂತ ಒಬ್ಬ ಕನ್ಸಲ್ಟೆಂಟು ಹೇಳಿದ. ಅವನಿಗಿಂತ ಮೊದಲೇ ನಾನು ಇಂಟರ್ನೆಟ್ಟಿನಲ್ಲಿ ಹತ್ತು ಕಡೆ ಅದನ್ನೇ ಓದಿದ್ದೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ನಮ್ಮ ವಯಸ್ಸಿನವರು ಓದುವ ಸಲಹೆಗಳಲ್ಲಿ ಅರ್ಧ ಅಮೆರಿಕದ್ದು. ಅಲ್ಲಿ ಎಲ್‌ಎಲ್‌ಸಿ ಅಂತ ಒಂದಿದೆ. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ ಆ ಸಂಸ್ಥೆಯ ಮೇಲೆ ಫೆಡರಲ್ ಆದಾಯ ತೆರಿಗೆ ಬೀಳುವುದಿಲ್ಲ. ಲಾಭ ನೇರವಾಗಿ ಮಾಲೀಕರ ರಿಟರ್ನ್‌ಗೆ ಇಳಿಯುತ್ತೆ, ಅವರವರ ಸ್ಲ್ಯಾಬ್‌ನಲ್ಲಿ ತೆರಿಗೆ. ರಾಜ್ಯಗಳು ಮೇಲೊಂದಿಷ್ಟು ಕೀಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಕನಿಷ್ಠ 800 ಡಾಲರ್. ಅದನ್ನು ಓದಿ, ಒಂದಕ್ಷರ ಬದಲಾಯಿಸಿ, ನಮ್ಮ ಎಲ್‌ಎಲ್‌ಪಿಯೂ ಹಾಗೇ ಅಂದುಕೊಂಡರೆ ಕೆಟ್ಟೆವು. 2008ರ ಕಾಯ್ದೆಯಿಂದ ಹುಟ್ಟಿದ ನಮ್ಮ ಎಲ್‌ಎಲ್‌ಪಿಗೆ ಸಂಸ್ಥೆಯ ಮಟ್ಟದಲ್ಲೇ ತೆರಿಗೆ. ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4 ಸೆಸ್. ಸ್ಲ್ಯಾಬ್ ಇಲ್ಲ, ವಿನಾಯಿತಿ ಇಲ್ಲ. ತೆರಿಗೆ ಕಟ್ಟಿ ಉಳಿದ ಲಾಭ ಪಾಲುದಾರರ ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ, ಅದೊಂದು ಸಮಾಧಾನ.

ವರ್ಷಕ್ಕೆ ಹತ್ತು ಲಕ್ಷ ಲಾಭ ಬಂತು ಅಂತಿಟ್ಟುಕೊಳ್ಳಿ (ನಮಗೆ ಬರಲಿಲ್ಲ). ನನ್ನ ತಮ್ಮ ಒಬ್ಬನೇ, ತನ್ನ ಹೆಸರಲ್ಲೇ ಗಾಣ ಹಾಕಿದ್ದರೆ 2025-26ರ ಹೊಸ ಪದ್ಧತಿಯಲ್ಲಿ ಆದಾಯ 12 ಲಕ್ಷದವರೆಗೆ ರಿಬೇಟ್, ಅವನ ತೆರಿಗೆ ಸೊನ್ನೆ. ಎಲ್‌ಎಲ್‌ಪಿಯಾದರೆ, ಪಾಲುದಾರರು ಸಂಬಳವನ್ನೇ ತೆಗೆದುಕೊಳ್ಳದಿದ್ದರೆ, 3 ಲಕ್ಷದ 12 ಸಾವಿರ. ಸಂಬಳ ತಗೊಂಡರೆ? ಅದಕ್ಕೊಂದು ಮಿತಿ ಇದೆ: ಮೊದಲ 6 ಲಕ್ಷ ಲಾಭದಲ್ಲಿ ಶೇ 90, ಮಿಕ್ಕಿದ್ದರಲ್ಲಿ ಶೇ 60. ಒಟ್ಟು 7 ಲಕ್ಷದ 80 ಸಾವಿರ ತೆಗೆಯಬಹುದು. ಉಳಿದ 2 ಲಕ್ಷದ 20 ಸಾವಿರಕ್ಕೆ 68,640 ರೂಪಾಯಿ ತೆರಿಗೆ. ಇಬ್ಬರೂ ಅಲ್ಲೇ ದುಡಿಯುವವರಾದರೆ ತಲಾ 3 ಲಕ್ಷದ 90 ಸಾವಿರ ಸಿಗುತ್ತೆ, ಬೇರೆ ಆದಾಯ ಇಲ್ಲದಿದ್ದರೆ ಅವರಿಗೆ ತೆರಿಗೆ ಬೀಳಲ್ಲ. ಆದರೆ 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇ 10 ಟಿಡಿಎಸ್ ಹಿಡಿಯಬೇಕು. ಹಾಗಾಗಿ ಮೊದಲು ತಲಾ 39,000 ಸರ್ಕಾರಕ್ಕೆ ಕಟ್ಟಿ, ಆಮೇಲೆ ರಿಟರ್ನ್ ಸಲ್ಲಿಸಿ, ವಾಪಸ್ ಬರುವುದನ್ನು ಕಾಯಬೇಕು. ಅಣ್ಣ ತಮ್ಮಂದಿರಿಬ್ಬರ ಸಂಸ್ಥೆಗೆ ಟ್ಯಾನ್ ನಂಬರು, ಮೂರು ತಿಂಗಳಿಗೊಂದು ಟಿಡಿಎಸ್ ಸ್ಟೇಟ್‌ಮೆಂಟು. ಅದೇ ಎಣ್ಣೆ, ಅದೇ ಗಾಣ, ಅದೇ ಹತ್ತು ಲಕ್ಷ.

ಪ್ರೈವೇಟ್ ಲಿಮಿಟೆಡ್ ಆದರೆ ದರ ಕಡಿಮೆ, ಎಲ್ಲ ಸೇರಿ ಶೇ 25ರ ಆಸುಪಾಸು. ಆದರೆ ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ಆಡಿಟ್ ಕಡ್ಡಾಯ. ಅದನ್ನು ಇಲ್ಲಿಗೇ ಬಿಡೋಣ.

‘ಮನೆ ಮಠ ಸೇಫ್’ ಅನ್ನುವ ಮಾತಿಗೆ ಬೆಲೆಯಿಲ್ಲ ಅಂತ ಹೇಳ್ತಿಲ್ಲ. ಸಾಲಗಾರರು ಮನೆ ಬಾಗಿಲಿಗೆ ಬರದಂತೆ ತಡೆಯುವುದು ದೊಡ್ಡ ವಿಷಯವೇ. ಆದರೆ ಮೆಷಿನ್ ಲೋನಿಗೆ ಹೋದಾಗ ಬ್ಯಾಂಕಿನವರು ಮೊದಲು ಮುಂದಿಟ್ಟ ಕಾಗದ ಪಾಲುದಾರರ ಪರ್ಸನಲ್ ಗ್ಯಾರಂಟಿ. ಸೀಮಿತ ಹೊಣೆಗಾರಿಕೆ ಅನ್ನುವುದು ಆ ಸಹಿಯವರೆಗೆ ಸೀಮಿತ.

ಮೊದಲ ವರ್ಷ ನಮ್ಮ ಮೆಷಿನ್ನೇ ಬರಲಿಲ್ಲ. ವ್ಯಾಪಾರ ಸೊನ್ನೆ. ಸೊನ್ನೆಗೇನು ಲೆಕ್ಕ ಕೊಡೋದು ಅಂತ ಸುಮ್ಮನಿದ್ದೆವು. ಕನ್ಸಲ್ಟೆಂಟೂ ಸುಮ್ಮನಿದ್ದ. ಆದರೆ ಮೇ 30ರೊಳಗೆ ಫಾರ್ಮ್ 11, ಅಕ್ಟೋಬರ್ 30ರೊಳಗೆ ಫಾರ್ಮ್ 8, ಅದರ ಜೊತೆಗೆ ಸೊನ್ನೆಯದೊಂದು ಆದಾಯ ತೆರಿಗೆ ರಿಟರ್ನ್. ಇವೆಲ್ಲ ವ್ಯಾಪಾರ ನೋಡಿ ಬರುವಂಥವಲ್ಲ, ಹುಟ್ಟಿದ್ದಕ್ಕೇ ಬರುವಂಥವು. ತಡವಾದಷ್ಟೂ ದಂಡ ಬೆಳೆಯುತ್ತೆ. ನಮ್ಮ ಸಂಸ್ಥೆ ಸರ್ಕಾರಕ್ಕೆ ಕಟ್ಟಿದ ಮೊದಲ ಹಣ ತೆರಿಗೆಯಲ್ಲ, ದಂಡ.

ಆಗ ಯಾರನ್ನು ಕೇಳಬೇಕಿತ್ತು? ಕೇಂದ್ರ, ರಾಜ್ಯ ಅನ್ನೋದು ನ್ಯೂಸ್ ಚಾನೆಲ್ಲಿನ ಮಾತಾಗಿ ಉಳಿಯದೆ ನಮ್ಮ ಕಾಲಿಗೇ ತೊಡರಿದ್ದು ಆಗ. ಹಳೇ ಕಾಲದ ಪಾರ್ಟ್ನರ್‌ಶಿಪ್ ಆಗಿದ್ದರೆ ನೋಂದಣಿ ರಾಜ್ಯದ ಕೈಯಲ್ಲಿ. ಎಲ್‌ಎಲ್‌ಪಿ ಕೇಂದ್ರದ ಕೂಸು. ಅದರ ಅರ್ಜಿ ನೋಡುವ ಕೇಂದ್ರ ಇರುವುದು ಹರಿಯಾಣದ ಮಾನೇಸರ್‌ನಲ್ಲಿ, ರಿಜಿಸ್ಟ್ರಾರ್ ಕೂರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಆದಾಯ ತೆರಿಗೆ ಕೇಂದ್ರದ್ದು. ನಂಜನಗೂಡಿನಲ್ಲಿ ನಮಗೆ ಸಂಬಂಧಪಟ್ಟದ್ದು ಅಂತ ಉಳಿದದ್ದು ಶೆಡ್ಡಿನ ಕಂದಾಯ, ಕರೆಂಟ್ ಬಿಲ್ಲಿನೊಳಗಿನ ತೆರಿಗೆ, ಮತ್ತೆ ವೃತ್ತಿ ತೆರಿಗೆ. ವೃತ್ತಿ ತೆರಿಗೆ ನಿಮಗೂ ಗೊತ್ತು, ಪೇಸ್ಲಿಪ್ಪಿನಲ್ಲಿ ಪಿಟಿ ಅಂತ 200 ರೂಪಾಯಿ ಹೋಗುತ್ತಲ್ಲ ಅದು. ಸಂವಿಧಾನದ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. 1988ರಲ್ಲಿ ಇಟ್ಟ ಮಿತಿ, ಇನ್ನೂ ಅಷ್ಟೇ. ಹನ್ನೆರಡು ಇನ್ನೂರು 2,400 ಆಗುತ್ತೆ, ನೂರು ರೂಪಾಯಿ ಸುಮ್ಮನೆ ಬಿಡೋದ್ಯಾಕೆ ಅಂತ ಈಗ ಫೆಬ್ರವರಿಯಲ್ಲಿ ಮಾತ್ರ 300 ಮಾಡಿದ್ದಾರೆ. ತನ್ನದೇ ಅಂತ ಒಂದು ತೆರಿಗೆ ಇದ್ದಾಗ ರಾಜ್ಯ ಅದನ್ನು ಎಷ್ಟು ಅಕ್ಕರೆಯಿಂದ ಹಿಂಡುತ್ತೆ ನೋಡಿ. ಪಾಪ ಅನ್ನಿಸುತ್ತೆ.

ಮಿಕ್ಕಿದ್ದು ಜಿಎಸ್‌ಟಿ. ಎಣ್ಣೆಗೆ ಶೇ 5. ಬಿಲ್ಲಿನಲ್ಲಿ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ನರಸೀಪುರದಲ್ಲಿ ಕಪಿಲೆ ಕಾವೇರಿಗೆ ಸೇರಿದ ಮೇಲೆ ಹೆಸರು ಕಳೆದುಕೊಳ್ಳುತ್ತೆ, ಮುಂದೆ ಎಲ್ಲ ಕಾವೇರಿಯೇ. ಜಿಎಸ್‌ಟಿಯಲ್ಲಿ ಉಲ್ಟಾ. ಎರಡೂ ಹೆಸರು ಬಿಲ್ಲಿನ ಕೊನೆಯವರೆಗೂ ಅಕ್ಕಪಕ್ಕ ಹರಿಯುತ್ತವೆ, ನೀರು ಮಾತ್ರ ಒಂದೇ. ಸರಿಸಮ ಅರ್ಧರ್ಧ ಅಂತ ಕಾಣುತ್ತೆ. ಆದರೆ ದರ ಇಡುವ ಕೌನ್ಸಿಲ್‌ನಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು ತೂಕ, ಎಲ್ಲ ರಾಜ್ಯಕ್ಕೂ ಸೇರಿ ಮೂರನೇ ಎರಡು; ಯಾವುದೇ ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಕೇಂದ್ರ ಬೇಡ ಅಂದರೆ ರಾಜ್ಯಗಳೆಲ್ಲ ಒಂದಾದರೂ ಆಗಲ್ಲ. ಕರ್ನಾಟಕ ಒಂದೇ ಬೇಡ ಅಂದರೆ ಏನೂ ನಿಲ್ಲಲ್ಲ.

ಬತ್ತೇರಿಯ ಕಥೆ ಹೇಳಲೇಬೇಕು. ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸುಲ್ತಾನ್ ಬತ್ತೇರಿ. ಸುಮಾರು ಎರಡು ಗಂಟೆ ದಾರಿ, ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುವುದರೊಳಗೆ ಹೊರಟರೆ. ಅಲ್ಲಿಯ ಒಂದು ಅಂಗಡಿಯವರು ನಮ್ಮ ಎಣ್ಣೆ ರುಚಿ ನೋಡಿ ತಿಂಗಳಿಗೆ ಐವತ್ತು ಲೀಟರ್ ಕಳಿಸಿ ಅಂದರು. ಖುಷಿಯಿಂದ ಆಡಿಟರ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು: ಕರ್ನಾಟಕದೊಳಗೆ ಸರಕು ಮಾರುವುದಾದರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯೇ ಬೇಡ. ರಾಜ್ಯದ ಗಡಿ ದಾಟಿಸಿದರೆ ಮೊದಲ ಲೀಟರಿನಿಂದಲೇ ನೋಂದಣಿ ಕಡ್ಡಾಯ. ಶೇ 1 ಕಟ್ಟಿ ಕೈತೊಳೆದುಕೊಳ್ಳುವ ಕಾಂಪೊಸಿಷನ್ ಸ್ಕೀಮೂ ಹೊರರಾಜ್ಯಕ್ಕೆ ಮಾರುವವರಿಗೆ ಇಲ್ಲ. ಅಂದ್ರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೀದರ್‌ಗೆ ಹೋಗಿ ಮೂವತ್ತು ಲಕ್ಷದ ಎಣ್ಣೆ ಮಾರಬಹುದು, ಯಾರೂ ಕೇಳಲ್ಲ. ಬತ್ತೇರಿಗೆ ಐವತ್ತು ಲೀಟರ್ ಕಳಿಸಿದರೆ ನಂಬರು, ರಿಟರ್ನು, ತಪ್ಪಿದರೆ ಲೇಟ್ ಫೀ.

ಇದನ್ನು ಓದುತ್ತಿರುವ ನೀವು ಡಿಸೈನರೋ, ಕೋಡ್ ಬರೆಯುವವರೋ ಆಗಿದ್ದು, ಕೊಚ್ಚಿಯ ಕ್ಲೈಂಟಿಗೆ ಫ್ರೀಲ್ಯಾನ್ಸ್ ಮಾಡಿದರೆ? ಸೇವೆಗೆ ಬೇರೆ ನಿಯಮ. ವರ್ಷಕ್ಕೆ 20 ಲಕ್ಷದವರೆಗೆ ಹೊರರಾಜ್ಯವಾದರೂ ನೋಂದಣಿ ಬೇಡ. 2017ರ ಅಕ್ಟೋಬರ್‌ನಲ್ಲೇ ಆ ವಿನಾಯಿತಿ ಕೊಟ್ಟರು. ಲ್ಯಾಪ್‌ಟಾಪಿನಿಂದ ಗಡಿ ದಾಟುವವನಿಗೆ ಇಪ್ಪತ್ತು ಲಕ್ಷ, ಟೆಂಪೋದಲ್ಲಿ ಗಡಿ ದಾಟುವವನಿಗೆ ಸೊನ್ನೆ. ಬೆಂಗಳೂರಿನಲ್ಲಿ ಕೂತು ಇದು ನಮಗೆ ಕಾಣಲ್ಲ.

ನಾವು ನೋಂದಣಿ ಮಾಡಿಸಿದೆವು. ಪ್ಲಾಸ್ಟಿಕ್ ಬಾಟಲಿಗೆ ಶೇ 18 ಕೊಟ್ಟು ತರುತ್ತೇವೆ, ಎಣ್ಣೆಗೆ ಶೇ 5 ವಸೂಲು ಮಾಡುತ್ತೇವೆ. ಒಳಗೆ ಕೊಟ್ಟ ತೆರಿಗೆಯ ದರ ಹೀಗೆ ಹೆಚ್ಚಾಗಿ ಕ್ರೆಡಿಟ್ ಉಳಿದರೆ ಸಾಮಾನ್ಯವಾಗಿ ರೀಫಂಡ್ ಕೇಳಬಹುದು. ಅಡುಗೆ ಎಣ್ಣೆಯವರಿಗೆ ಮಾತ್ರ ಆ ದಾರಿಯನ್ನು 2022ರ ಜುಲೈ 18ರಂದು ಮುಚ್ಚಿದ್ದಾರೆ. ಹೌದು, ದೊಡ್ಡಪ್ಪನ ಚೀಲಕ್ಕೆ ತೆರಿಗೆ ಬಂದ ದಿನವೇ. ದೊಡ್ಡ ಎಣ್ಣೆ ಕಂಪನಿಗೂ ಅದೇ ನಿಯಮ, ಗಾಣದವನಿಗೂ ಅದೇ. ಸಮಾನತೆ ಅಂದರೆ ಇದೇ ಇರಬೇಕು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸರ್ಕಾರಕ್ಕೆ ಗಾತ್ರ ಕಾಣುವುದಿಲ್ಲ, ಆಕಾರ ಕಾಣುತ್ತೆ. ಅದಕ್ಕೇ ಆಕಾರದ ಮೇಲೆ ತೆರಿಗೆ. ನಂಜನಗೂಡಿನ ಹಲ್ಲುಪುಡಿಯನ್ನೇ ತಗೊಳ್ಳಿ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಆ ಪುಡಿಯಲ್ಲಿ ಹಲ್ಲುಜ್ಜಿದ ತಲೆಮಾರುಗಳಿವೆ. 2017ರಲ್ಲಿ ಜಿಎಸ್‌ಟಿ ಬಂದಾಗ ಹಲ್ಲುಪುಡಿಗೆ ಶೇ 12, ಟೂತ್‌ಪೇಸ್ಟ್‌ಗೆ ಶೇ 18. ಪುಡಿ ಬಡವರದು, ಪೇಸ್ಟು ಉಳ್ಳವರದು ಅಂತ ಅಂದಾಜು. ಒರಟು ಅಂದಾಜೇ, ಆದರೂ ಅದರಲ್ಲೊಂದು ಕರುಣೆ ಇತ್ತು. ಆದರೆ ಹೀಗೆ ಆಕಾರ ನೋಡಿದರೆ ಜಗಳ ಮುಗಿಯಲ್ಲ. ಪುಡಿ ಔಷಧಿಯೋ ಹಲ್ಲುಜ್ಜುವ ಸಾಮಾನೋ ಅನ್ನುವ ಪ್ರಶ್ನೆ ಎಕ್ಸೈಸ್ ಕಾಲದಲ್ಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೈದ್ಯನಾಥ್ ಕಂಪನಿಯ ಕೆಂಪು ದಂತಮಂಜನದ ಮೊಕದ್ದಮೆಯಲ್ಲಿ 2009ರ ತೀರ್ಪಿನಲ್ಲೂ ಕೋರ್ಟು ಹೇಳಿದ್ದು, ಜನ ಅದನ್ನು ದಿನಬಳಕೆಯಲ್ಲಿ ಏನೆಂದು ತಿಳಿದು ಕೊಳ್ಳುತ್ತಾರೋ ಅದೇ ಅದು ಅಂತ. ನನಗೆ ತುಂಬ ಹಿಡಿಸಿದ ತರ್ಕ. 2025ರ ಸೆಪ್ಟೆಂಬರ್ 22ರಿಂದ ಪುಡಿ, ಪೇಸ್ಟು ಎರಡಕ್ಕೂ ಶೇ 5. ಒಂದು ಜಗಳ ಮುಗಿಯಿತು. ಪೇಸ್ಟಿನವರಿಗೆ ಹದಿಮೂರು ಇಳಿಯಿತು, ಪುಡಿಯವರಿಗೆ ಏಳು.

ಗಾತ್ರ ನೋಡಲು ಸರ್ಕಾರ ಹೊರಟದ್ದೂ ಇದೆ, ಅದರ ಕಥೆ 2025ರ ಜುಲೈನಲ್ಲಿ ನೋಡಿದೆವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು, ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ. ಮೊಬೈಲಿಗೆ ಬಂದ ದುಡ್ಡೆಲ್ಲ ವ್ಯಾಪಾರವೇ? ಭಾವಮೈದ ವಾಪಸ್ ಕೊಟ್ಟ ಕೈಸಾಲವೂ ಅದರಲ್ಲಿರುತ್ತೆ. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡು ಬಂತು. ನೋಟಿಸ್ ಕೊಟ್ಟಿದ್ದು ರಾಜ್ಯ ಅಂತ ಕೇಂದ್ರದವರು, ಕಾಯ್ದೆ ಕೇಂದ್ರದ್ದು ಅಂತ ರಾಜ್ಯದವರು. ನಮ್ಮದೇ ವಿಧಾನಮಂಡಲ ಪಾಸು ಮಾಡಿದ ಕರ್ನಾಟಕ ಜಿಎಸ್‌ಟಿ ಕಾಯ್ದೆ 2017 ಅಂತ ಒಂದಿದೆ ಅನ್ನೋದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಇಲ್ಲ, ಇನ್ನು ಮೇಲೆ ನೋಂದಣಿ ಮಾಡಿಸಿಕೊಳ್ಳಿ ಅಂದರು.

ಅವರ ಕ್ಷೇತ್ರ ವರುಣಾ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳು ಅದರಲ್ಲಿವೆ. 2024ರ ಫೆಬ್ರವರಿ 7ರಂದು ಅವರು ಜಂತರ್ ಮಂತರ್‌ನಲ್ಲಿ ಕೂತು ‘ನನ್ನ ತೆರಿಗೆ ನನ್ನ ಹಕ್ಕು’ ಅಂದಾಗ ನಾನು ಆಫೀಸಿನಲ್ಲಿ ಕದ್ದು ಲೈವ್ ನೋಡಿದವನು. ಅವರ ಮಾತಿನಲ್ಲಿ ಹುರುಳಿತ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗದೊಳಗೆ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಿತ್ತು. ಆದರೆ ಆ ‘ನನ್ನ’ ಅನ್ನುವುದರಲ್ಲಿ ದೊಡ್ಡಪ್ಪ ಎಲ್ಲಿದ್ದಾನೆ, ನನ್ನ ತಮ್ಮ ಎಲ್ಲಿದ್ದಾನೆ ಅಂತ ಹುಡುಕಿದೆ. ವಸೂಲಾದ ಹಣ ಬೆಂಗಳೂರು–ದೆಹಲಿ ನಡುವೆ ಹೇಗೆ ಹಂಚಿಕೆಯಾಗಬೇಕು ಅನ್ನುವುದಕ್ಕೆ ಅಷ್ಟು ದೊಡ್ಡ ದನಿ. ನಂಜನಗೂಡಿನಿಂದ ಬತ್ತೇರಿಗೆ ಐವತ್ತು ಲೀಟರ್ ಎಣ್ಣೆ ಹೇಗೆ ಹೋಗಬೇಕು ಅನ್ನುವುದಕ್ಕೆ ಕೌನ್ಸಿಲ್‌ನಲ್ಲಿ ಎದ್ದು ಕೂಗಿದವರನ್ನು ನಾನಂತೂ ನೋಡಿಲ್ಲ. ಗಡಿ ತಾಲ್ಲೂಕುಗಳಿರುವ ಎಲ್ಲ ರಾಜ್ಯಕ್ಕೂ ಬೇಕಾದ ಬದಲಾವಣೆ ಅದು. ಸೇವೆಗೆ ಕೊಟ್ಟದ್ದನ್ನು ಸಣ್ಣ ಸರಕಿಗೂ ಕೊಡಿ ಅಂದರಾಯಿತು. ಹಾಗೇ ಎಲ್‌ಎಲ್‌ಪಿಗೂ ಒಂದು ಸ್ಲ್ಯಾಬ್ ಕೊಡಿ ಅಂತ ದೆಹಲಿಯವರನ್ನು ಕೇಳಬೇಕು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊಸ ಆದಾಯ ತೆರಿಗೆ ಕಾಯ್ದೆ ಬರೆದರು, ಭಾಷೆ ಸರಳ ಮಾಡಿದ್ದೇವೆ ಅಂದರು, ಆ ಮೂವತ್ತನ್ನು ಮಾತ್ರ ಮುಟ್ಟಲಿಲ್ಲ.

ನಮ್ಮ ಎಲ್‌ಎಲ್‌ಪಿಯನ್ನು ಮುಚ್ಚುತ್ತಿದ್ದೇವೆ. ಮುಚ್ಚಲು ಅರ್ಜಿ ಹಾಕಬೇಕಾದರೆ ಬಾಕಿ ಫಾರ್ಮುಗಳೆಲ್ಲ ಸಲ್ಲಿಕೆಯಾಗಿರಬೇಕು, ಒಂದು ವರ್ಷ ಯಾವ ವ್ಯಾಪಾರವನ್ನೂ ಮಾಡಿರಬಾರದು. ಹೋದ ಭಾನುವಾರ ಇದನ್ನು ಹೇಳಿದಾಗ ದೊಡ್ಡಪ್ಪ ಮೂಟೆಯನ್ನು ಡಿಕ್ಕಿಗೆ ಹಾಕುತ್ತಾ ನಿಂತ.

“ಏನೂ ಮಾಡ್ದೆ ಒಂದ್ ವರ್ಸ ಕುಂತಿದ್ದೀನಿ ಅಂತ ಅರ್ಜಿ ಆಕ್ಬೇಕಾ?”

“ಹೂಂ ದೊಡ್ಡಪ್ಪ. ಅದಕ್ಕೂ ಫೀಸಿದೆ.”

ಗಾಣ ಈಗ ತಮ್ಮನ ಹೆಸರಲ್ಲೇ ತಿರುಗುತ್ತಿದೆ. ಜಿಎಸ್‌ಟಿ ನಂಬರಿಲ್ಲ, ಫಾರ್ಮ್ 8 ಇಲ್ಲ. ಎಣ್ಣೆ ಗುಂಡ್ಲುಪೇಟೆಯವರೆಗೆ ಮಾತ್ರ ಹೋಗುತ್ತೆ. ಬತ್ತೇರಿಯ ಅಂಗಡಿಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರಂತೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.